ಭಾರಲೋಹ ಸಂಗೀತ ಹುಟ್ಟಿದ ಬಗೆ

ಈ ಲೇಖನವನ್ನು ಕೊಡಲು ಹೋದಾಗ ಸಂಪಾದಕ ಸಮಿತಿಯ ಗೆಳೆಯರೊಬ್ಬರು ತಲೆಬರಹವನ್ನು ನೋಡಿ, “ನಮ್ಮದು ಕಲಾ ಕಾಲೇಜು ಮಹರಾಯ, ಇಲ್ಲಿ ರಸಾಯನಶಾಸ್ತ್ರ ಓದುವವರು ಯಾರಿದ್ದಾರೆ?” ಎಂದರು. ಇದು ಸೀಸ ಪಾದರಸಗಳ ವಿಚಾರವಲ್ಲ, ಸಂಗೀತದ ವಿಚಾರ ಎಂದೆ. ಇಂಗ್ಲಿಷಿನಲ್ಲಿ ‘ಹೆವಿ ಮೆಟಲ್’ ಎಂದು ಕರೆಯುವುದನ್ನು ನಾನು ಭಾರಲೋಹ ಎಂದು ಬರೆದಿದ್ದೆ. ಅವರು ಇನ್ನಷ್ಟು ಸಂದೇಹದಿಂದ ನೋಡಿದರು. ಆ ಗದ್ದಲವನ್ನು ಸಂಗೀತವೆನ್ನಬಹುದೇ ಎಂಬುದು ಅವರ ಮುಂದಿನ ಪ್ರಶ್ನೆ. ನಮ್ಮ ಹಾಸ್ಟೆಲಿನಲ್ಲಿ ಈ ಪ್ರಶ್ನೆಯ ಮೇಲೆ ರಾತ್ರಿ ಹನ್ನೊಂದರವರೆಗೆ ಜಗಳವಾದದ್ದುಂಟು. ಜಗಳವಾಡುವವರಲ್ಲಿ ಹೆಚ್ಚಿನವರು ಆ ಗದ್ದಲ ಎಲ್ಲಿಂದ ಬಂತೆಂದು ಕೇಳಿದವರಲ್ಲ. ಮೊದಲು ನಾನೂ ಕೇಳಿರಲಿಲ್ಲ. ಕೇಳುವಂತೆ ಮಾಡಿದ್ದು ನನ್ನ ದೊಡ್ಡಮ್ಮನ ಮಗನ ಕೈ. ಆ ಸಂಗತಿಯನ್ನು ಮುಂದೆ ಹೇಳುತ್ತೇನೆ.

ಹೆಸರಿನಿಂದಲೇ ಪ್ರಾರಂಭಿಸೋಣ. ಅಮೆರಿಕದ ಕಾದಂಬರಿಕಾರ ವಿಲಿಯಂ ಬರೋಸ್ 1960ರ ದಶಕದ ಮೊದಲ ವರ್ಷಗಳಲ್ಲಿ ಬರೆದ ಕೃತಿಗಳಲ್ಲಿ ಒಂದು ಪಾತ್ರಕ್ಕೆ ‘ಭಾರಲೋಹದ ಹುಡುಗ’ ಎಂದು ಅಡ್ಡಹೆಸರಿಟ್ಟಿದ್ದ. 1968ರಲ್ಲಿ ಸ್ಟೆಪ್ಪೆನ್‌ವುಲ್ಫ್ ಎಂಬ ತಂಡದ ‘ಬಾರ್ನ್ ಟು ಬಿ ವೈಲ್ಡ್’ ಹಾಡಿನಲ್ಲಿ ಮೋಟಾರು ಸೈಕಲ್ಲಿನ ಅಬ್ಬರವನ್ನು ಹೇಳುವಾಗ ಈ ಎರಡು ಪದಗಳು ಬಂದವು. 1970-71ರಲ್ಲಿ ‘ರೋಲಿಂಗ್ ಸ್ಟೋನ್’, ‘ಕ್ರೀಮ್’ ಮೊದಲಾದ ಪತ್ರಿಕೆಗಳ ವಿಮರ್ಶಕರು ಅವನ್ನು ಒಂದು ಬಗೆಯ ಸಂಗೀತಕ್ಕೆ ಅಂಟಿಸಿದರು. ಹೊಗಳಲು ಅಂಟಿಸಿದ್ದೇನೂ ಅಲ್ಲ. ಬೈಗುಳವಾಗಿ ಹುಟ್ಟಿ ಬಿರುದಾಗಿ ಬೆಳೆದ ಹೆಸರುಗಳು ನಮ್ಮಲ್ಲಿಯೂ ಬೇಕಾದಷ್ಟಿವೆ.

ಹೆಸರಿಗಿಂತ ಮೊದಲೇ ವಸ್ತು ಇತ್ತು. ಅದರ ಬೇರು ಅಮೆರಿಕದ ದಕ್ಷಿಣದ ಕರಿಯ ಜನರ ಬ್ಲೂಸ್ ಹಾಡುಗಳಲ್ಲಿದೆ. ಹತ್ತಿಯ ಹೊಲಗಳ ಮಿಸಿಸಿಪಿಯಿಂದ ಕೆಲಸ ಹುಡುಕಿಕೊಂಡು ಷಿಕಾಗೋ ನಗರಕ್ಕೆ ಬಂದ ಮಡ್ಡಿ ವಾಟರ್ಸ್, ಹೌಲಿನ್ ವುಲ್ಫ್ ಮುಂತಾದವರು ಗಿಟಾರಿಗೆ ವಿದ್ಯುತ್ತನ್ನು ಜೋಡಿಸಿಕೊಂಡರು. ಗದ್ದಲದ ಪಾನಗೃಹಗಳಲ್ಲಿ ತಮ್ಮ ದನಿ ಕೇಳಬೇಕಲ್ಲ! ಅವರ ತಟ್ಟೆಗಳು ಹಡಗು ಹತ್ತಿ ಇಂಗ್ಲೆಂಡಿಗೆ ಹೋದವು. ಅಲ್ಲಿನ ಬಿಳಿಯ ಹುಡುಗರು ಅವನ್ನು ಸವೆಯುವವರೆಗೆ ಕೇಳಿ ಕಲಿತರು. ಕಲಿತದ್ದು ಸರಿಯೇ, ಆದರೆ ಎಲ್ಲರೂ ಋಣವನ್ನು ಒಪ್ಪಿಕೊಳ್ಳಲಿಲ್ಲ. ಲೆಡ್ ಜೆಪ್ಪೆಲಿನ್ ತಂಡದ 1969ರ ‘ಹೋಲ್ ಲಾಟಾ ಲವ್’ ಎಂಬ ಪ್ರಸಿದ್ಧ ಹಾಡು ತನ್ನ ರಚನೆಗೆ ಋಣಿಯಾಗಿದೆಯೆಂದು ಷಿಕಾಗೋದ ಹಾಡುಗಾರ ವಿಲ್ಲಿ ಡಿಕ್ಸನ್ ನ್ಯಾಯಾಲಯಕ್ಕೆ ಹೋಗಬೇಕಾಯಿತು. 1987ರಲ್ಲಿ ರಾಜಿಯಾಗಿ, ಮುಂದಿನ ಮುದ್ರಣಗಳಲ್ಲಿ ಅವನ ಹೆಸರು ಸೇರಿತು. ಈ ತಂಡದ ಮೇಲೆ ನನಗೆ ಪ್ರೀತಿಯಿದ್ದರೂ ಇದನ್ನು ಮುಚ್ಚಿಡಲಾರೆ.

ಇನ್ನು ಸದ್ದಿನ ವಿಚಾರ. ಗಣಪತಿ ಹಬ್ಬದ ಪೆಂಡಾಲಿನಲ್ಲಿ ಮೈಕ್ ಸೆಟ್ಟಿನವನು ತಿರುಪನ್ನು ಕೊನೆಯವರೆಗೂ ತಿರುಗಿಸಿಬಿಟ್ಟರೆ ಏನಾಗುತ್ತದೆಂಬುದನ್ನು ನಾವೆಲ್ಲ ಬಲ್ಲೆವು. ಹಾಡಿನ ಮೇಲೆ ಮರಳು ಚೆಲ್ಲಿದಂತೆ ಒಂದು ಕರಕರ ಸೇರುತ್ತದೆ. ಯಂತ್ರಕ್ಕೆ ತಡೆಯಲಾರದಷ್ಟು ಸದ್ದನ್ನು ಕೊಟ್ಟಾಗ ಧ್ವನಿಯ ಅಲೆಯ ನೆತ್ತಿ ಕತ್ತರಿಸಿದಂತೆ ಚಪ್ಪಟೆಯಾಗುವುದೇ ಇದಕ್ಕೆ ಕಾರಣ. ಚಪ್ಪಟೆಯಾದ ಅಲೆಯಲ್ಲಿ ಮೂಲ ಸ್ವರದ ಜೊತೆಗೆ, ಮೊದಲಿಲ್ಲದ ಎಷ್ಟೋ ಮೇಲಿನ ಸ್ವರಗಳು ಹುಟ್ಟಿಕೊಳ್ಳುತ್ತವೆ. ಎಂಜಿನಿಯರುಗಳಿಗೆ ಇದು ದೋಷ. ಆದರೆ ಈ ದೋಷವನ್ನು ಬೇಕೆಂದೇ ಮಾಡಿಕೊಂಡವರು ಬಂದರು. 1958ರಲ್ಲಿ ಅಮೆರಿಕದ ಲಿಂಕ್ ರೇ ‘ರಂಬಲ್’ ಎಂಬ ವಾದ್ಯಕೃತಿಗಾಗಿ ತನ್ನ ಸ್ಪೀಕರಿಗೆ ತೂತು ಮಾಡಿದ. 1964ರಲ್ಲಿ ಲಂಡನ್ನಿನ ಕಿಂಕ್ಸ್ ತಂಡದ ಡೇವ್ ಡೇವೀಸ್ ಎಂಬ ಹದಿನೇಳರ ಹುಡುಗ ತನ್ನ ಸಣ್ಣ ಧ್ವನಿವರ್ಧಕದ ಕಾಗದದ ಸ್ಪೀಕರನ್ನು ಕ್ಷೌರದ ಬ್ಲೇಡಿನಿಂದ ಸೀಳಿ ‘ಯೂ ರಿಯಲಿ ಗಾಟ್ ಮಿ’ ಎಂಬ ಹಾಡನ್ನು ನುಡಿಸಿದ. ಅದು ಆ ದೇಶದಲ್ಲಿ ಮೊದಲನೆಯ ಸ್ಥಾನಕ್ಕೆ ಏರಿತು. ಆಮೇಲೆ ಬ್ಲೇಡಿನ ಅಗತ್ಯ ಬೀಳಲಿಲ್ಲ. ಪಶ್ಚಿಮ ಲಂಡನ್ನಿನಲ್ಲಿ ವಾದ್ಯಗಳ ಅಂಗಡಿ ಇಟ್ಟಿದ್ದ ಜಿಮ್ ಮಾರ್ಷಲ್ ಎಂಬ ಡ್ರಮ್ ವಾದಕ 1962ರಿಂದ ವಾಲ್ವಿನ ಧ್ವನಿವರ್ಧಕಗಳನ್ನು ಮಾಡಿ ಮಾರುತ್ತಿದ್ದ. ‘ದಿ ಹೂ’ ತಂಡದವರು ಇನ್ನೂ ಜೋರು ಬೇಕೆಂದು ಕಾಡಿದ್ದರಿಂದ 1965ರಲ್ಲಿ 100 ವಾಟ್ ಶಕ್ತಿಯದನ್ನು ಮಾಡಿಕೊಟ್ಟ. ಅದರ ಮುಂದೆ ನಿಂತು ಜಿಮಿ ಹೆಂಡ್ರಿಕ್ಸ್, ಕ್ರೀಮ್ ತಂಡದ ಎರಿಕ್ ಕ್ಲಾಪ್ಟನ್ ಮುಂತಾದವರು ಏನೇನು ಮಾಡಿದರೆಂಬುದು ಬೇರೆಯೇ ಕಥೆ.

ಸಂಗೀತ ಪಾಠಕ್ಕೆ ಎರಡು ವರ್ಷ ಹೋಗಿ ವರ್ಣದ ಹೊಸ್ತಿಲಲ್ಲಿ ನಿಂತುಹೋದವನು ನಾನು. ಆ ಅಲ್ಪ ವಿದ್ಯೆಯಿಂದ ಒಂದು ಮಾತನ್ನು ಹೇಳುವ ಧೈರ್ಯ ಮಾಡುತ್ತೇನೆ. ಪಾಶ್ಚಾತ್ಯರು ಸಾಮಾನ್ಯವಾಗಿ ಮೂರು ಸ್ವರಗಳನ್ನು, ನಮ್ಮ ಮಾತಿನಲ್ಲಿ ಹೇಳುವುದಾದರೆ ಷಡ್ಜ, ಗಾಂಧಾರ, ಪಂಚಮಗಳನ್ನು, ಒಟ್ಟಿಗೆ ಮೀಟುತ್ತಾರೆ. ಕರಕರ ಸೇರಿದ ಗಿಟಾರಿನಲ್ಲಿ ಹೀಗೆ ಮೂರನ್ನೂ ಮೀಟಿದರೆ ಕೆಸರು ಕಲಕಿದ ಹಾಗಾಗುತ್ತದೆ. ಗಿಟಾರಿನ ಮೆಟ್ಟುಗಳನ್ನು ಸಮಭಾಗ ಮಾಡಿ ಹಾಕಿರುವುದರಿಂದ ಅದರ ಅಂತರಗಾಂಧಾರ ತನ್ನ ಶುದ್ಧವಾದ ನೆಲೆಗಿಂತ ಸ್ವಲ್ಪ ಏರಿರುತ್ತದೆ. ಸಾಧಾರಣ ಕಿವಿಗೆ ತಿಳಿಯದ ಆ ವ್ಯತ್ಯಾಸವನ್ನು ಕರಕರ ಎತ್ತಿ ತೋರಿಸುತ್ತದೆ. ಪಂಚಮವಾದರೋ ಬಹುಮಟ್ಟಿಗೆ ಸರಿಯಾಗಿಯೇ ಇರುತ್ತದೆ. ಆದುದರಿಂದ ಈ ವಾದಕರು ಗಾಂಧಾರವನ್ನು ಕೈಬಿಟ್ಟು ಷಡ್ಜ ಪಂಚಮಗಳನ್ನಷ್ಟೇ ಹಿಡಿದರು. ಷಡ್ಜಕ್ಕೆ ಎರಡು ಕಂಪನವಾಗುವಷ್ಟರಲ್ಲಿ ಪಂಚಮಕ್ಕೆ ಮೂರು. ಅತಿಯಾಗಿ ದುಡಿಸಿದ ಧ್ವನಿವರ್ಧಕವು ಇವೆರಡರ ವ್ಯತ್ಯಾಸವಾದ ಒಂದನ್ನೂ ತಾನಾಗಿ ಹುಟ್ಟಿಸುತ್ತದೆ. ಆ ಒಂದು ಎಂದರೆ ಯಾರೂ ಮೀಟದ ಕೆಳಗಿನ ಸ್ಥಾಯಿಯ ಷಡ್ಜ! ಇಬ್ಬರು ಹಾಡಿದರೆ ಮೂರನೆಯವನೊಬ್ಬ ನೆಲಮಾಳಿಗೆಯಿಂದ ದನಿಗೂಡಿಸಿದಂತೆ. ಈ ಸಂಗೀತದ ‘ಭಾರ’ದ ಗುಟ್ಟಿನಲ್ಲಿ ಅರ್ಧ ಇದೇ.

ಷಡ್ಜ, ಪಂಚಮ, ಗಾಂಧಾರವಿಲ್ಲ, ಜೊತೆಗೆ ಝೇಂಕಾರ. ನಮ್ಮ ತಂಬೂರಿಯೂ ಇದೇ ಅಲ್ಲವೇ? ತಂತಿಯ ಕೆಳಗೆ ಕುದುರೆಯ ಮೇಲೆ ಒಂದೆಳೆ ಹತ್ತಿಯ ನೂಲನ್ನು ಸೇರಿಸಿ, ಬೇಕೆಂದೇ ಝೇಂಕಾರವನ್ನು ಹುಟ್ಟಿಸಿ, ಮೀಟದ ಸ್ವರಗಳನ್ನು ಕೇಳುವಂತೆ ಮಾಡುವ ಉಪಾಯ ನಮ್ಮ ಹಿರಿಯರಿಗೆ ತಿಳಿದಿತ್ತು. ಒಂದರಿಂದ ಇನ್ನೊಂದು ಬಂತೆಂದು ನಾನು ಹೇಳುತ್ತಿಲ್ಲ. ಹಾಗೆ ಹೇಳುವವರು ಸಿಕ್ಕಿದರೆ ನಂಬಬೇಡಿರಿ. ಶಬ್ದದ ಧರ್ಮ ಎರಡು ಕಡೆಯೂ ಒಂದೇ ಎಂಬುದಷ್ಟೇ ನನ್ನ ಮಾತು.

ಈಗ ನಮ್ಮ ಅಣ್ಣನ ಸಂಗತಿಗೆ ಬರುತ್ತೇನೆ. ದೊಡ್ಡಮ್ಮನ ಮಗನನ್ನು ನಾನು ಅಣ್ಣನೆಂದೇ ಕರೆಯುವುದು. ಊರಿನ ಭಜನಾ ಮಂಡಳಿಗೆ ಅವನೇ ಹಾರ್ಮೋನಿಯಂ. ಶನಿವಾರ ರಾತ್ರಿ ಬೆಂಗಳೂರಿನ ಕೆಲಸದಿಂದ ಬಸ್ಸು ಹಿಡಿದು ಬಂದಾದರೂ ನುಡಿಸುತ್ತಿದ್ದ. ಆರು ವರ್ಷದ ಹಿಂದೆ ಅವನು ಕೆಲಸಕ್ಕಿದ್ದ ತಗಡಿನ ಕಾರ್ಖಾನೆಯಲ್ಲಿ ಪವರ್ ಪ್ರೆಸ್ಸು ಅವನ ಬಲಗೈಯ ಎರಡು ಬೆರಳುಗಳ ತುದಿಯನ್ನು ತೆಗೆದುಕೊಂಡಿತು. ಪರಿಹಾರದ ಹಣ ತಡವಾಗಿ ಬಂತು, ಅದರಲ್ಲಿ ಊರಿಗೆ ಹಿಂದಿರುಗಿ ಒಂದು ಅಂಗಡಿ ಇಟ್ಟ. ಹಾರ್ಮೋನಿಯಂ ಅಟ್ಟ ಸೇರಿತು. ಮನೆಯಲ್ಲಿ ಯಾರೂ ಆ ಮಾತನ್ನು ಎತ್ತುತ್ತಿರಲಿಲ್ಲ. ಮೊದಲ ಬಿ.ಎ. ತರಗತಿಯಲ್ಲಿದ್ದಾಗ ಹಾಸ್ಟೆಲಿನ ಗೆಳೆಯನೊಬ್ಬ ಬ್ಲ್ಯಾಕ್ ಸಬತ್ ಎಂಬ ತಂಡದ ತಟ್ಟೆಯನ್ನು ಫೋನಿನಲ್ಲಿ ಕೇಳಿಸಿ, “ಈ ಗಿಟಾರು ಬಾರಿಸುವವನಿಗೆ ಎರಡು ಬೆರಳಿನ ತುದಿ ಇಲ್ಲ, ಗೊತ್ತೇನೋ?” ಎಂದ. ಅಂದು ರಾತ್ರಿ ನನಗೆ ನಿದ್ರೆ ಹತ್ತಲಿಲ್ಲ.

ಟೋನಿ ಅಯೋಮಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಂ ನಗರದ ಆಸ್ಟನ್ ಎಂಬ ಬಡಾವಣೆಯವನು. 1948ರಲ್ಲಿ ಹುಟ್ಟಿದವನು. ಯುದ್ಧದ ಬಾಂಬುಗಳು ಕೆಡವಿದ ಮನೆಗಳ ನಡುವೆ ಆಡಿ ಬೆಳೆದವನು. ಆ ಊರಿನಲ್ಲಿ ಶಾಲೆ ಬಿಟ್ಟ ಹುಡುಗನಿಗೆ ಕಾದಿರುತ್ತಿದ್ದುದು ಕಾರ್ಖಾನೆಯ ಬಾಗಿಲು. ಅಯೋಮಿ ತಗಡಿನ ಕಾರ್ಖಾನೆಯೊಂದರಲ್ಲಿ ಬೆಸುಗೆಯ ಕೆಲಸಕ್ಕಿದ್ದ. 1965ರಲ್ಲಿ, ಅವನಿಗೆ ಹದಿನೇಳು ವರ್ಷವಾಗಿದ್ದಾಗ, ಒಂದು ಸಂಗೀತ ತಂಡದೊಡನೆ ಯೂರೋಪಿಗೆ ಹೋಗುವ ಅವಕಾಶ ಬಂತು. ಕೆಲಸ ಬಿಟ್ಟ. ಕೊನೆಯ ದಿನ ಮಧ್ಯಾಹ್ನ ಊಟಕ್ಕೆ ಮನೆಗೆ ಬಂದು, ಇನ್ನು ಹೋಗುವುದಿಲ್ಲವೆಂದು ತಾಯಿಗೆ ಹೇಳಿದ. ಒಪ್ಪಿಕೊಂಡ ದಿನವನ್ನು ಪೂರೈಸಿ ಬಾ ಎಂದು ತಾಯಿ ಕಳುಹಿಸಿದಳು. ಆ ದಿನ ಪ್ರೆಸ್ಸಿನವರು ಬಂದಿರಲಿಲ್ಲವಾಗಿ ಇವನನ್ನು ಅಲ್ಲಿ ನಿಲ್ಲಿಸಿದರು. ಯಂತ್ರ ಬಲಗೈಯ ಮಧ್ಯದ ಬೆರಳು ಮತ್ತು ಉಂಗುರದ ಬೆರಳುಗಳ ತುದಿಯನ್ನು ಕಿತ್ತುಕೊಂಡಿತು. ಅವನು ಎಡಗೈಯಿಂದ ಮೀಟುವವನಾದುದರಿಂದ ಬಲಗೈಯೇ ತಂತಿಯನ್ನು ಒತ್ತುವ ಕೈ.

ಇನ್ನು ನುಡಿಸಲಾಗದೆಂದು ಕುಳಿತಿದ್ದವನಿಗೆ ಕಾರ್ಖಾನೆಯ ಮೇಲಿನವನೊಬ್ಬ ಒಂದು ತಟ್ಟೆಯನ್ನು ತಂದು ಕೇಳಿಸಿದ. ಕೇಳಿ ಮೆಚ್ಚಿದ ಮೇಲೆ, ಇದನ್ನು ನುಡಿಸಿದವನು ಎಡಗೈಯ ಎರಡೇ ಬೆರಳುಗಳಿಂದ ನುಡಿಸುತ್ತಾನೆ ಎಂದು ತಿಳಿಸಿದ. ಆ ವಾದಕ ಜಾಂಗೋ ರೈನ್‌ಹಾರ್ಟ್, 1928ರಲ್ಲಿ ತಾನು ವಾಸವಾಗಿದ್ದ ಬಂಡಿಗೆ ಬೆಂಕಿ ಬಿದ್ದು ಕೈ ಸುಟ್ಟುಕೊಂಡವನು. ಅಯೋಮಿ ಎದ್ದು ಕುಳಿತ. ಪಾತ್ರೆ ತೊಳೆಯುವ ಸಾಬೂನುನೀರಿನ ಪ್ಲಾಸ್ಟಿಕ್ ಸೀಸೆಯೊಂದನ್ನು ಕರಗಿಸಿ, ಉಂಡೆ ಮಾಡಿ, ಕಾಸಿದ ಕಬ್ಬಿಣದಿಂದ ಬೆರಳು ಹೋಗುವಷ್ಟು ತೂತು ಕೊರೆದು, ಉಜ್ಜಿ ಉಜ್ಜಿ ಎರಡು ಟೋಪಿಗಳನ್ನು ಮಾಡಿಕೊಂಡ. ಪ್ಲಾಸ್ಟಿಕ್ಕು ತಂತಿಯ ಮೇಲೆ ಜಾರುತ್ತಿತ್ತು, ಹಳೆಯ ಜಾಕೆಟ್ಟಿನ ಚರ್ಮವನ್ನು ಕತ್ತರಿಸಿ ಅಂಟಿಸಿದ. ಆದರೂ ದಪ್ಪ ತಂತಿಯನ್ನು ಒತ್ತಿದರೆ ನೋವು. ಸಣ್ಣ ತಂತಿ ಆಗ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ, ಬ್ಯಾಂಜೋದ ತಂತಿಗಳನ್ನು ತಂದು ಹಾಕಿದ. ಮುಂದೆ ತಂತಿಗಳನ್ನೇ ಸಡಿಲಿಸಿದ. 1971ರ ‘ಮಾಸ್ಟರ್ ಆಫ್ ರಿಯಾಲಿಟಿ’ ಎಂಬ ಮೂರನೆಯ ತಟ್ಟೆಯಲ್ಲಿ ಗಿಟಾರಿನ ಶ್ರುತಿ ರೂಢಿಗಿಂತ ಮೂರು ಸ್ವರಸ್ಥಾನ ಕೆಳಕ್ಕೆ ಇಳಿಯಿತು. ಶ್ರುತಿ ಇಳಿದಂತೆ ನಾದ ಮತ್ತಷ್ಟು ದಪ್ಪವಾಯಿತು, ಕತ್ತಲಾಯಿತು. ಇಂದು ಸಾವಿರಾರು ತಂಡಗಳು ಅನುಸರಿಸುವ ಆ ಇಳಿದ ಶ್ರುತಿಗೆ ಗಾಯಗೊಂಡ ಬೆರಳಿನ ನೋವೂ ಒಂದು ಕಾರಣ. ಗಾಂಧಾರವನ್ನು ಬಿಟ್ಟ ಎರಡು ಸ್ವರಗಳ ಹಿಡಿತವೂ ಅಂಥ ಕೈಗೆ ಸುಲಭವೇ.

ಅಯೋಮಿಯೂ ಅದೇ ಆಸ್ಟನ್ನಿನ ಬಿಲ್ ವಾರ್ಡ್, ಗೀಜರ್ ಬಟ್ಲರ್, ಓಜಿ ಆಸ್ಬರ್ನ್ ಎಂಬ ಮೂವರೂ 1968ರಲ್ಲಿ ಸೇರಿದರು. ಬಟ್ಲರ್ ಲೆಕ್ಕಪತ್ರದ ಗುಮಾಸ್ತಿಕೆ ಕಲಿಯುತ್ತಿದ್ದವನು. ಆಸ್ಬರ್ನ್ ಕಸಾಯಿಖಾನೆಯಲ್ಲಿ ದುಡಿದವನು, ಕಾರಿನ ಹಾರನ್ನುಗಳನ್ನು ಶ್ರುತಿ ಮಾಡುವ ಕೆಲಸವನ್ನೂ ಮಾಡಿದವನು. ಇದಕ್ಕಿಂತ ತಕ್ಕ ಸಂಗೀತಾಭ್ಯಾಸ ಅವನಿಗೆ ಬೇರೊಂದಿರಲಾರದು! ಅದೇ ವರ್ಷದ ಕೊನೆಯಲ್ಲಿ ಅಯೋಮಿ ಕೆಲವು ವಾರ ಜೆಥ್ರೊ ಟಲ್ ಎಂಬ ಹೆಸರಾದ ತಂಡಕ್ಕೆ ಹೋಗಿದ್ದ. ಅಲ್ಲಿಂದ ಹಿಂದಿರುಗಿದವನು ಕಲಿತು ತಂದದ್ದು ಒಂದೇ ವಿದ್ಯೆ: ಬೆಳಗ್ಗೆ ಒಂಬತ್ತಕ್ಕೆ ಅಭ್ಯಾಸಕ್ಕೆ ಹಾಜರಾಗುವುದು. ಕಾರ್ಖಾನೆಯನ್ನು ತಪ್ಪಿಸಿಕೊಂಡು ಬಂದ ಹುಡುಗರು ಹೀಗೆ ಪಾಳಿಯ ಹೊತ್ತಿಗೇ ಸಂಗೀತಕ್ಕೆ ಹೋದರು. 1963ರ ಭಯಾನಕ ಚಲನಚಿತ್ರವೊಂದರ ಹೆಸರನ್ನು ತಮ್ಮ ಹಾಡಿಗೂ ತಂಡಕ್ಕೂ ಇಟ್ಟುಕೊಂಡರು. 1969ರ ಅಕ್ಟೋಬರಿನಲ್ಲಿ ಲಂಡನ್ನಿನಲ್ಲಿ ಒಂದೇ ದಿನದಲ್ಲಿ ಮೊದಲ ತಟ್ಟೆಯ ಧ್ವನಿಮುದ್ರಣವನ್ನು ಮುಗಿಸಿದರು. 1970ರ ಫೆಬ್ರವರಿ 13, ಶುಕ್ರವಾರ, ಅದು ಹೊರಬಂತು.

ಮಳೆ, ಗುಡುಗು, ದೂರದ ಗಂಟೆ. ಅನಂತರ ಗಿಟಾರು ಮೂರೇ ಸ್ವರಗಳನ್ನು ನುಡಿಸುತ್ತದೆ: ಷಡ್ಜ, ಮೇಲಿನ ಷಡ್ಜ, ಅಲ್ಲಿಂದ ಕೆಳಗಿಳಿದು ಪ್ರತಿಮಧ್ಯಮ. ಮತ್ತೆ ಅದೇ, ಅವಸರವಿಲ್ಲದೆ. ಷಡ್ಜಕ್ಕೂ ಪ್ರತಿಮಧ್ಯಮಕ್ಕೂ ಇರುವ ಈ ಅಂತರವನ್ನು ಪಾಶ್ಚಾತ್ಯ ಶಾಸ್ತ್ರಕಾರರು ‘ಸಂಗೀತದಲ್ಲಿನ ಸೈತಾನ’ ಎಂದು ಕರೆದದ್ದುಂಟು. ಮಧ್ಯಯುಗದಲ್ಲಿ ಚರ್ಚು ಇದನ್ನು ನಿಷೇಧಿಸಿತ್ತೆಂದು ಅನೇಕರು ಬರೆಯುತ್ತಾರೆ. ಅದು ಕಟ್ಟುಕತೆ. ಹಾಡಲು ಕಷ್ಟವೆಂದು ಬೋಧಕರು ಎಚ್ಚರಿಸುತ್ತಿದ್ದರು, ಅಷ್ಟೆ. ಬಟ್ಲರನು ಹೋಲ್ಸ್ಟ್ ಎಂಬ ಇಂಗ್ಲಿಷ್ ವಾಗ್ಗೇಯಕಾರನ ಗ್ರಹಗಳ ಕುರಿತ ಕೃತಿಯಲ್ಲಿ ಅಂಗಾರಕನ ಭಾಗವನ್ನು ನುಡಿಸಿಕೊಳ್ಳುತ್ತಿದ್ದುದು ಅಯೋಮಿಗೆ ಈ ದಾರಿಯನ್ನು ತೋರಿಸಿತಂತೆ. ನನಗೆ ಸೋಜಿಗವಾಗುವುದು ಬೇರೆ ವಿಷಯ. ನಮ್ಮ ಎಪ್ಪತ್ತೆರಡು ಮೇಳಗಳಲ್ಲಿ ಮೂವತ್ತಾರು ಪ್ರತಿಮಧ್ಯಮದವು. ಮದುವೆ ಮನೆಯಲ್ಲಿ ನಾಗಸ್ವರದವರು ಕಲ್ಯಾಣಿಯನ್ನು ನುಡಿಸಿದರೆ ಯಾರೂ ಸೈತಾನನನ್ನು ನೆನೆಯುವುದಿಲ್ಲ. ಅದೇ ಸ್ವರ ಅಲ್ಲಿ ಮಂಗಳ, ಇಲ್ಲಿ ಭಯ. ಸುತ್ತಲಿನ ಸ್ವರಗಳು ಕೈಹಿಡಿದು ನಡೆಸಿದರೆ ಒಂದು ಬಗೆ, ಒಂಟಿಯಾಗಿ ಕತ್ತಲಲ್ಲಿ ನಿಲ್ಲಿಸಿದರೆ ಇನ್ನೊಂದು ಬಗೆ ಎಂದು ನಾನು ಸಮಾಧಾನ ಹೇಳಿಕೊಂಡಿದ್ದೇನೆ. ಸಂಗೀತ ಬಲ್ಲ ಅಧ್ಯಾಪಕರು ತಿದ್ದಬೇಕು.

ವಿಮರ್ಶಕರು ಆ ತಟ್ಟೆಯನ್ನು ಚೆನ್ನಾಗಿ ಬೈದರು. ಜನ ಕೊಂಡರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ‘ಪ್ಯಾರನಾಯ್ಡ್’ ಎಂಬ ಎರಡನೆಯದು ಬಂದು ಇಂಗ್ಲೆಂಡಿನಲ್ಲಿ ಮೊದಲನೆಯ ಸ್ಥಾನಕ್ಕೆ ಹೋಯಿತು. ಅದರ ಮೊದಲ ಹಾಡು ಯುದ್ಧವನ್ನು ಹೂಡಿ ಬಡವರ ಮಕ್ಕಳನ್ನು ಸಾಯಲು ಕಳುಹಿಸುವವರ ಮೇಲಿನದು. ವಿಯೆಟ್ನಾಮಿನ ಕಾಲ ಅದು. ಸೈತಾನನ ಭಕ್ತರೆಂದು ಈ ತಂಡವನ್ನು ದೂರಿದವರು ಆ ಹಾಡನ್ನು ಪೂರ್ತಿ ಕೇಳಿದಂತೆ ತೋರುವುದಿಲ್ಲ.

ಕಬ್ಬಿಣದ ಊರಿನಲ್ಲಿ ಕಬ್ಬಿಣದ ಸಂಗೀತ ಹುಟ್ಟಿತೆಂದು ಎಲ್ಲರೂ ಬರೆಯುತ್ತಾರೆ. ಕೇಳಲು ಚೆನ್ನಾಗಿದೆ, ಆದರೆ ನಾನು ಪೂರ್ತಿ ಒಪ್ಪಲಾರೆ. ಅದೇ ಬರ್ಮಿಂಗ್‌ಹ್ಯಾಮಿನಿಂದಲೇ ಮೂಡಿ ಬ್ಲೂಸ್, ಎಲೆಕ್ಟ್ರಿಕ್ ಲೈಟ್ ಆರ್ಕೆಸ್ಟ್ರಾ ಎಂಬ ತಂಡಗಳೂ ಬಂದವು. ಅವರ ಹಾಡುಗಳು ರೇಷ್ಮೆಯಂತಿವೆ. ಸುತ್ತಿಗೆಯ ಸದ್ದು ಅವರ ಕಿವಿಗೂ ಬಿದ್ದಿರಲೇಬೇಕು. ಊರು ಕಚ್ಚಾ ಸಾಮಗ್ರಿಯನ್ನು ಕೊಡಬಹುದು, ಟೋಪಿಯನ್ನು ಕರಗಿಸಿ ಮಾಡಿಕೊಳ್ಳುವವನು ಒಬ್ಬ ಮನುಷ್ಯ.

ಇವರೇ ಮೊದಲಿಗರೆಂದು ಹೇಳಿದರೆ ಡೀಪ್ ಪರ್ಪಲ್ ಅಭಿಮಾನಿಗಳು ನನ್ನನ್ನು ಬಿಡುವುದಿಲ್ಲ. ಆ ತಂಡ 1969ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ದೊಡ್ಡ ವಾದ್ಯಮೇಳದೊಡನೆ ಕುಳಿತು ಶಾಸ್ತ್ರೀಯವಾಗಿ ನುಡಿಸಿ, ಮರುವರ್ಷವೇ ‘ಇನ್ ರಾಕ್’ ಎಂಬ ಸಿಡಿಲಿನಂಥ ತಟ್ಟೆಯನ್ನು ತಂದಿತು. ಜಾನ್ ಲಾರ್ಡ್ ತನ್ನ ಆರ್ಗನ್ನನ್ನೂ ಮಾರ್ಷಲ್ ಧ್ವನಿವರ್ಧಕಕ್ಕೆ ಸಿಕ್ಕಿಸಿ ಅದನ್ನೂ ಗುಡುಗಿಸಿದ. 1971ರ ಡಿಸೆಂಬರ್ 4ರಂದು ಸ್ವಿಟ್ಜರ್ಲೆಂಡಿನ ಮಾಂಟ್ರೋ ಊರಿನ ಕೆಸಿನೋ ಬೆಂಕಿಗೆ ಆಹುತಿಯಾದದ್ದನ್ನೂ, ಸರೋವರದ ಮೇಲೆ ಹೊಗೆ ಕವಿದದ್ದನ್ನೂ ಕಂಡು ಅವರು ಮಾಡಿದ ಹಾಡಿನ ಮೊದಲ ಸ್ವರಗಳನ್ನು ಗಿಟಾರು ಹಿಡಿದ ಪ್ರತಿಯೊಬ್ಬ ಹುಡುಗನೂ ಮೊದಲು ಕಲಿಯುತ್ತಾನೆ. ಲೆಡ್ ಜೆಪ್ಪೆಲಿನ್ನಿನವರಿಗೆ ಭಾರಲೋಹ ಎಂಬ ಹಣೆಪಟ್ಟಿಯೇ ಹಿಡಿಸುತ್ತಿರಲಿಲ್ಲ. ಅವರ ತಟ್ಟೆಗಳಲ್ಲಿ ಜಾನಪದ ಬಗೆಯ ಹಾಡುಗಳೂ ಇರುವುದರಿಂದ ಅವರ ಮಾತು ನ್ಯಾಯವೇ. ಈ ಎರಡು ತಂಡಗಳಲ್ಲಿ ಬ್ಲೂಸಿನ ಓಲಾಟ ಉಳಿದಿತ್ತು. ಅದನ್ನು ಬಹುಮಟ್ಟಿಗೆ ತೊಳೆದು ತೆಗೆದವರು ಬರ್ಮಿಂಗ್‌ಹ್ಯಾಮಿನ ಆಸುಪಾಸಿನವರೇ ಆದ ಜೂಡಾಸ್ ಪ್ರೀಸ್ಟ್ ತಂಡದವರು. 1976ರ ‘ಸ್ಯಾಡ್ ವಿಂಗ್ಸ್ ಆಫ್ ಡೆಸ್ಟಿನಿ’ಯಲ್ಲಿ ಎರಡು ಗಿಟಾರುಗಳು ಜೋಡಿ ಕುದುರೆಗಳಂತೆ ಓಡುತ್ತವೆ. ಅಲ್ಲಿಗೆ ಬೇರು, ಕಾಂಡ ಮುಗಿದು ಕೊಂಬೆಗಳು ಆರಂಭವಾಗುತ್ತವೆ.

ಆ ಕೊಂಬೆಗಳು ನಮ್ಮ ರಾಜಧಾನಿಯವರೆಗೂ ಚಾಚಿವೆ. ಐರನ್ ಮೇಡನ್ 2007ರ ಮಾರ್ಚ್ 17ರಂದೂ, ಮೆಟಾಲಿಕಾ 2011ರ ಅಕ್ಟೋಬರ್ 30ರಂದೂ ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿದವು. ನಾನು ಆಗ ಅಕ್ಷರ ಕಲಿಯುವ ವಯಸ್ಸಿನವನು. ಸಬತ್ ತಂಡದ ಮೊದಲಿನ ನಾಲ್ವರು 2025ರ ಜುಲೈ 5ರಂದು ತಮ್ಮ ಆಸ್ಟನ್ನಿನಲ್ಲಿಯೇ, ವಿಲ್ಲಾ ಪಾರ್ಕ್ ಕ್ರೀಡಾಂಗಣದಲ್ಲಿ, ಕಡೆಯ ಬಾರಿ ಒಟ್ಟಿಗೆ ನುಡಿಸಿದರು. ನಡೆಯಲಾರದ ಆಸ್ಬರ್ನ್ ಸಿಂಹಾಸನದಂಥ ಕುರ್ಚಿಯಲ್ಲಿ ಕುಳಿತು ಹಾಡಿದ. ಹದಿನೇಳು ದಿನಗಳ ತರುವಾಯ, ಜುಲೈ 22ರಂದು, ತೀರಿಕೊಂಡ.

ಆ ವರ್ಷದ ದೀಪಾವಳಿ ರಜೆಯಲ್ಲಿ ಊರಿಗೆ ಹೋದಾಗ, ಅಂಗಡಿ ಮುಚ್ಚುವ ಹೊತ್ತಿಗೆ ಅಣ್ಣನ ಬಳಿ ಕುಳಿತು ಮೊದಲ ತಟ್ಟೆಯ ಮೊದಲ ಹಾಡನ್ನು ಕೇಳಿಸಿ, ಬೆರಳಿನ ಕಥೆಯನ್ನು ಹೇಳಿದೆ. ಹೇಳಬೇಕೋ ಬೇಡವೋ ಎಂದು ಎರಡು ವರ್ಷ ತಡೆದಿದ್ದೆ. ಅವನು ಹಾಡನ್ನು ಕೊನೆಯವರೆಗೂ ಕೇಳಿದ. ಚೆನ್ನಾಗಿದೆ ಎನ್ನಲಿಲ್ಲ, ಇಲ್ಲವೆಂದೂ ಅನ್ನಲಿಲ್ಲ. ಬಹಳ ಹೊತ್ತಿನ ಮೇಲೆ, “ಆ ಪ್ಲಾಸ್ಟಿಕ್ ಟೋಪಿ ಬೆವರಿಗೆ ಜಾರೋದಿಲ್ವೇನೋ?” ಎಂದು ಕೇಳಿದ. ಒಳಗೆ ಬಟ್ಟೆ ಸುತ್ತಿಕೊಳ್ಳಬಹುದೇನೋ ಅಣ್ಣ, ಸರಿಯಾಗಿ ತಿಳಿಯದು ಎಂದೆ. ಅವನು ತನ್ನ ಎರಡು ಬೆರಳುಗಳನ್ನು ದೀಪಕ್ಕೆ ಹಿಡಿದು ನೋಡಿಕೊಂಡು, ಅಂಗಡಿಯ ಬಾಗಿಲು ಎಳೆದ. ಮರುದಿನ ಬೆಳಗ್ಗೆ ದೊಡ್ಡಮ್ಮ ನನ್ನನ್ನು ಕರೆದು, ಅಟ್ಟದ ಏಣಿಯನ್ನು ಸ್ವಲ್ಪ ಹಿಡಿದುಕೋ ಎಂದರು.